ಬೆಟ್ಟದ ಹಿಮ ಕುಸಿಯುವುದೇಕೆ?

೨೦೨೨ನೆಯ ಇಸವಿಯ ಅಕ್ಟೋಬರ್ ೪ರ ಬೆಳಿಗ್ಗೆ, ಗಢವಾಲ ಹಿಮಾಲಯದ ‘ದ್ರೌಪದಿ ಕಾ ಡಾಂಡಾ’ ಎಂಬ ಶಿಖರದ ಇಳಿಜಾರಿನಲ್ಲಿ ಪರ್ವತಾರೋಹಣವನ್ನು ಕಲಿಯುತ್ತಿದ್ದ ತರುಣರ ತಂಡವೊಂದಿತ್ತು. ಅವರು ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯ ಶಿಕ್ಷಣಾರ್ಥಿಗಳು, ದೇಶದ ನಾನಾ ಭಾಗಗಳಿಂದ ಬಂದವರು, ಕರ್ನಾಟಕದವರೂ ಅವರಲ್ಲಿದ್ದರು. ಐದು ಸಾವಿರ ಮೀಟರಿಗೆ ಸಮೀಪದ ಆ ಎತ್ತರದಲ್ಲಿ ಇಳಿಜಾರಿನ ಹಿಮ ಇದ್ದಕ್ಕಿದ್ದಂತೆ ಬಿರಿದು ಜಾರಿ ಅವರನ್ನು ಕೊಚ್ಚಿಕೊಂಡು ಹೋಯಿತು. ಇಪ್ಪತ್ತೈದಕ್ಕೂ ಹೆಚ್ಚು ಮಂದಿ ಮಡಿದರು. ಬೋಧಕಿಯಾಗಿ ತಂಡದೊಡನೆ ಹೋಗಿದ್ದ ಸವಿತಾ ಕಂಸ್ವಾಲ್ ಎಂಬಾಕೆಯೂ ಅವರಲ್ಲೊಬ್ಬರು. ಅದೇ ವರ್ಷದ ಮೇ ತಿಂಗಳಲ್ಲಿ ಹದಿನಾರು ದಿನಗಳ ಅವಧಿಯಲ್ಲಿ ಎವರೆಸ್ಟ್ ಮತ್ತು ಮಕಾಲು ಶಿಖರಗಳೆರಡನ್ನೂ ಏರಿ ಬಂದಿದ್ದವರು ಆಕೆ.

ಹಿಮದ ಮೇಲೆ ನಡೆಯುವ ವಿದ್ಯೆಯನ್ನು ಬಲ್ಲವರನ್ನೂ ಹಿಮ ಹೀಗೆ ವಂಚಿಸಬಲ್ಲುದಾದರೆ, ಹೊರಗಣ್ಣಿಗೆ ಕಾಣದ ಯಾವುದೋ ವ್ಯಾಪಾರ ಅದರೊಳಗೆ ನಡೆಯುತ್ತಿರಬೇಕಲ್ಲವೆ? ನಿನ್ನೆಯವರೆಗೆ ಕದಲದೆ ನಿಂತಿದ್ದ ಹಿಮ ಇಂದು ಒಬ್ಬ ಮನುಷ್ಯನ ತೂಕಕ್ಕೆ ಕುಸಿಯುವುದೇಕೆ? ಪಕ್ಕದ ಇಳಿಜಾರಿನಲ್ಲಿ ಹತ್ತಾರು ಜನ ನಡೆದರೂ ಏನೂ ಆಗದಿರುವುದೇಕೆ?

ಹಿಮವೆಂದರೆ ನಮ್ಮ ನಾಡಿನ ಬಹುಮಂದಿಗೆ ಚಿತ್ರದಲ್ಲಿ ಮಾತ್ರ ಕಂಡ ವಸ್ತು. ಕೊಡಗು ಮಲೆನಾಡುಗಳಲ್ಲಿ ಮುಂಜಾನೆ ಕವಿಯುವ ಮಂಜಿಗೂ ಅದಕ್ಕೂ ಹೋಲಿಕೆಯಿಲ್ಲ. ಆದರೂ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ವಿದ್ಯಾರ್ಥಿಗಳು ಚಳಿಗಾಲದ ರಜೆಯಲ್ಲಿ ಹಿಮಾಲಯದ ಚಾರಣಕ್ಕೆ ಹೊರಡುವುದು ಈಗ ಅಪರೂಪವೇನಲ್ಲ. ಆದುದರಿಂದ ಈ ಪ್ರಶ್ನೆಗಳಿಗೆ ಉತ್ತರವನ್ನು ತಿಳಿಯುವುದು ಕೇವಲ ಕುತೂಹಲದ ಮಾತಲ್ಲ.

ಕುಸಿತದ ಬಗೆಗಳು

ನಮ್ಮ ಪತ್ರಿಕೆಗಳು ಈ ದುರಂತವನ್ನು ‘ಹಿಮಪಾತ’ವೆಂದು ಕರೆಯುವುದುಂಟು. ಆಕಾಶದಿಂದ ಹಿಮ ಬೀಳುವುದಕ್ಕೂ ಅದೇ ಹೆಸರು ಬಳಕೆಯಲ್ಲಿರುವುದರಿಂದ, ಆಕಾಶದಿಂದ ಬೀಳುವುದನ್ನು ಹಿಮಪಾತವೆಂದೂ ಬೆಟ್ಟದಿಂದ ಜಾರುವುದನ್ನು ಹಿಮಕುಸಿತವೆಂದೂ ಇಲ್ಲಿ ಕರೆಯೋಣ.

ಹಿಮಕುಸಿತಗಳಲ್ಲಿ ಹಲವು ಬಗೆಗಳಿವೆ. ಅಕ್ಕಿಯ ರಾಶಿಯ ತುದಿಯಿಂದ ಕೆಲವು ಕಾಳುಗಳು ಉರುಳಿ, ಉರುಳುತ್ತ ಬೇರೆ ಕಾಳುಗಳನ್ನೂ ಸೇರಿಸಿಕೊಳ್ಳುವಂತೆ, ಸಡಿಲವಾದ ಹಿಮ ಒಂದು ಬಿಂದುವಿನಿಂದ ಹೊರಟು ಕೆಳಗಿಳಿಯುತ್ತ ಬೀಸಣಿಗೆಯಾಕಾರದಲ್ಲಿ ಅಗಲವಾಗುವುದು ಒಂದು ಬಗೆ. ಇದು ಸಾಮಾನ್ಯವಾಗಿ ಅಷ್ಟು ಅಪಾಯಕಾರಿಯಲ್ಲ. ಹಿಮನದಿಯ ಅಂಚಿನ ಮಂಜುಗಡ್ಡೆಯ ಗೋಡೆಯೇ ಕಳಚಿ ಬೀಳುವುದು ಇನ್ನೊಂದು ಬಗೆ. ೨೦೧೬ರ ಫೆಬ್ರವರಿ ೩ರಂದು ಸಿಯಾಚೆನ್ನಿನಲ್ಲಿ ಹತ್ತು ಮಂದಿ ಯೋಧರನ್ನು ಹುಗಿದುದು ಇಂಥದೇ ಕುಸಿತ. ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದರ ಹೆಸರು ಮನೆಮಾತಾದುದು ಆಗಲೇ.

ಮೂರನೆಯದು ಫಲಕಕುಸಿತ. ಇಳಿಜಾರಿನ ಮೇಲಿನ ಹಿಮ ಒಂದು ದೊಡ್ಡ ಹಲಗೆಯಂತೆ ಒಟ್ಟಾಗಿ ಮುರಿದು ಜಾರುವುದೇ ಇದರ ಲಕ್ಷಣ. ಬೆಟ್ಟದ ಒಳನಾಡಿನಲ್ಲಿ ಚಾರಣಕ್ಕೋ ಹಿಮಜಾರಾಟಕ್ಕೋ ಹೋದವರ ಸಾವುಗಳಿಗೆ ಬಹುಮಟ್ಟಿಗೆ ಇದೇ ಕಾರಣ. ಮೇಲಾಗಿ, ಇಂಥ ಮಾರಕ ಕುಸಿತಗಳಲ್ಲಿ ಹತ್ತಕ್ಕೆ ಒಂಬತ್ತರಷ್ಟನ್ನು ಪ್ರಾರಂಭಿಸಿದವರು ಮಡಿದವರೇ, ಇಲ್ಲವೆ ಅವರ ಜೊತೆಗಾರರೇ ಎಂಬುದು ತಜ್ಞರ ಅನುಭವ. ಕುಸಿತ ಬಂದು ಅವರ ಮೇಲೆ ಬಿದ್ದಿತೆನ್ನುವುದಕ್ಕಿಂತ, ಅವರ ಕಾಲ ತುಳಿತವೇ ಅದನ್ನು ಎಬ್ಬಿಸಿತೆನ್ನುವುದು ಹೆಚ್ಚು ಸರಿ. ಇದು ಹೇಗೆ ಸಾಧ್ಯವೆಂಬುದನ್ನು ತಿಳಿಯಬೇಕಾದರೆ ಹಿಮದ ಹಾಸನ್ನು ಅಗೆದು ನೋಡಬೇಕು.

ಹಾಸಿನ ಮೇಲೆ ಹಾಸು

ಚಳಿಗಾಲದಲ್ಲಿ ಹಿಮ ಒಂದೇ ಸಲ ಬಿದ್ದು ಮುಗಿಯುವುದಿಲ್ಲ. ನಮ್ಮ ಹಿಮಾಲಯಕ್ಕೆ ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಬರುವ ‘ಪಶ್ಚಿಮದ ಕ್ಷೋಭೆ’ಗಳೆಂಬ ವಾಯುಮಂಡಲದ ಅಲೆಗಳು ಡಿಸೆಂಬರಿನಿಂದ ಮಾರ್ಚಿಯವರೆಗೆ ಒಂದಾದ ಮೇಲೊಂದು ಬಂದು ಹಿಮ ಸುರಿಸುತ್ತವೆ. ನಡುನಡುವೆ ಬಿಸಿಲಿನ ದಿನಗಳು, ಕೊರೆಯುವ ರಾತ್ರಿಗಳು, ಬಿರುಗಾಳಿಗಳು. ಒಂದೊಂದು ಹಿಮಪಾತವೂ ಒಂದೊಂದು ಪದರವಾಗಿ ಉಳಿಯುತ್ತದೆ. ಗೋಡೆಯಂತೆ ನೇರವಾಗಿ ಹಿಮವನ್ನು ಕತ್ತರಿಸಿ ನೋಡಿದರೆ, ಗಟ್ಟಿಯಾದ ಪದರ, ಮೆತ್ತನೆಯ ಪದರ, ಬಿಸಿಲಿಗೆ ಕರಗಿ ಮತ್ತೆ ಹೆಪ್ಪುಗಟ್ಟಿದ ಗಾಜಿನಂತಹ ಪದರ, ಕೈಯಿಂದ ಮುಟ್ಟಿದರೆ ಸಕ್ಕರೆಯಂತೆ ಉದುರುವ ಪದರ ಇವೆಲ್ಲ ಒಂದರ ಮೇಲೊಂದು ಕಾಣಸಿಗುವುವು. ಆ ವರ್ಷದ ಹವೆಯ ಚರಿತ್ರೆಯೆಲ್ಲ ಅಲ್ಲಿ ಬರೆದಿರುತ್ತದೆ.

ಈ ಚರಿತ್ರೆಯನ್ನು ಶಾಸ್ತ್ರೀಯವಾಗಿ ಓದಲು ಮೊದಲುಮಾಡಿದವರಲ್ಲಿ ಸ್ವಿಟ್ಜರ್‌ಲೆಂಡಿನ ವಿಜ್ಞಾನಿಗಳು ಪ್ರಮುಖರು. ದಾವೋಸ್ ಪಟ್ಟಣದ ಮೇಲಿರುವ ವೈಸ್‌ಫ್ಲೂಯೋಖ್ ಎಂಬ ಬೆಟ್ಟದ ಮೇಲೆ, ಸುಮಾರು ೨,೬೦೦ ಮೀಟರ್ ಎತ್ತರದಲ್ಲಿ, ೧೯೩೦ರ ದಶಕದಲ್ಲಿಯೇ ಅವರು ಹಿಮದ ಪ್ರಯೋಗಶಾಲೆಯನ್ನು ನಡೆಸಿದರು. ಹೆನ್ರಿ ಬಾದರ್, ರಾಬರ್ಟ್ ಹೇಫೆಲಿ ಮೊದಲಾದವರು ಹಿಮ ಮತ್ತು ಅದರ ರೂಪಾಂತರವನ್ನು ಕುರಿತು ೧೯೩೯ರಲ್ಲಿ ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದರು. ಹರಳುಗಳ ಶಾಸ್ತ್ರವೂ ಮಣ್ಣಿನ ಬಲವನ್ನು ಅಳೆಯುವ ಎಂಜಿನಿಯರರ ಶಾಸ್ತ್ರವೂ ಅದರಲ್ಲಿ ಕೂಡಿಬಂದುವು. ನಮ್ಮ ದೇಶದಲ್ಲಿ ಇದೇ ಕೆಲಸಕ್ಕಾಗಿ ೧೯೬೯ರಲ್ಲಿ ಮನಾಲಿಯಲ್ಲಿ ಹಿಮ ಮತ್ತು ಹಿಮಕುಸಿತ ಅಧ್ಯಯನ ಸಂಸ್ಥೆ ಸ್ಥಾಪಿತವಾಯಿತು; ೨೦೨೦ರಲ್ಲಿ ಅದು ರಕ್ಷಣಾ ಇಲಾಖೆಯ ಇನ್ನೊಂದು ಪ್ರಯೋಗಶಾಲೆಯೊಡನೆ ಕೂಡಿ ಹೊಸ ಹೆಸರನ್ನು ಪಡೆಯಿತು.

ಹರಳಿನ ರೂಪಾಂತರ

ಬಿದ್ದ ಹಿಮ ಬಿದ್ದಂತೆಯೇ ಇರುವುದಿಲ್ಲವೆಂಬುದು ಈ ಅಧ್ಯಯನದ ಮೊದಲನೆಯ ಪಾಠ. ಆಕಾಶದಿಂದ ಇಳಿಯುವ ಹಿಮದ ಹರಳು ಆರು ಮೂಲೆಗಳ ಸುಂದರವಾದ ನಕ್ಷತ್ರ. ನೆಲಕ್ಕೆ ಬಿದ್ದ ಕೆಲವು ಗಂಟೆಗಳಲ್ಲಿಯೇ ಅದರ ರೂಪ ಬದಲಾಗತೊಡಗುತ್ತದೆ.

ಪೆಟ್ಟಿಗೆಯಲ್ಲಿಟ್ಟ ಕರ್ಪೂರ ಕರಗಿ ನೀರಾಗದೆ ನೇರವಾಗಿ ಆವಿಯಾಗಿ ಸವೆಯುವುದನ್ನು ನೀವು ಕಂಡಿರಬಹುದು. ಉತ್ಪತನವೆಂಬ ಈ ಕ್ರಿಯೆ ಹಿಮದಲ್ಲಿಯೂ ಸದಾ ನಡೆಯುತ್ತಿರುತ್ತದೆ. ಹರಳಿನ ಚೂಪಾದ ತುದಿಗಳಿಂದ ಅಣುಗಳು ಆವಿಯಾಗಿ ಹೊರಟು ತಗ್ಗಿನ ಭಾಗಗಳಲ್ಲಿ, ಮುಖ್ಯವಾಗಿ ಎರಡು ಹರಳುಗಳು ತಾಗುವೆಡೆಯಲ್ಲಿ, ಮತ್ತೆ ಘನವಾಗುವುವು. ಇದರಿಂದ ನಕ್ಷತ್ರದ ಮೂಲೆಗಳು ಸವೆದು ಹರಳು ದುಂಡಗಾಗುವುದು. ನೆರೆಯ ಹರಳುಗಳ ನಡುವೆ ಮಂಜುಗಡ್ಡೆಯ ಸಣ್ಣ ಕೊರಳುಗಳು ಬೆಳೆಯುವುವು. ಹೀಗೆ ಬೆಸೆದುಕೊಂಡ ಹಿಮ ದಿನೇ ದಿನೇ ಗಟ್ಟಿಯಾಗುತ್ತ ಹೋಗುತ್ತದೆ. ಹಿಮ ಬಿದ್ದ ಮೇಲೆ ಕೆಲವು ದಿನ ಕಾದು ಹೊರಡಬೇಕೆಂದು ಬೆಟ್ಟದ ಜನ ಹೇಳುವುದಕ್ಕೆ ಆಧಾರ ಇದೇ.

ಆದರೆ ಹಿಮದ ಹಾಸಿನ ತಳಕ್ಕೂ ಮೇಲ್ಮೈಗೂ ಉಷ್ಣತೆಯಲ್ಲಿ ಬಹಳ ವ್ಯತ್ಯಾಸವಿದ್ದರೆ ಇದಕ್ಕೆ ವಿರುದ್ಧವಾದ ಕ್ರಿಯೆ ನಡೆಯುವುದು. ಹಿಮ ಒಳ್ಳೆಯ ಕಂಬಳಿ. ಅದರ ಕೆಳಗಿನ ನೆಲ ಬಹುಮಟ್ಟಿಗೆ ೦ ಡಿಗ್ರಿ ಸೆಲ್ಸಿಯಸ್ಸಿಗೆ ಸಮೀಪವಾಗಿಯೇ ಇರುತ್ತದೆ. ಮೇಲ್ಮೈಯಾದರೋ ಶುಭ್ರವಾದ ರಾತ್ರಿಯಲ್ಲಿ -೧೫ ಡಿಗ್ರಿಗೆ ಇಳಿಯಬಹುದು. ಹಾಸು ೩ ಮೀಟರ್ ದಪ್ಪವಿದ್ದರೆ ಮೀಟರಿಗೆ ೫ ಡಿಗ್ರಿಯಷ್ಟು ವ್ಯತ್ಯಾಸವಾಯಿತು. ಅರ್ಧ ಮೀಟರ್ ಮಾತ್ರವೇ ಇದ್ದರೆ? ಅದೇ ೧೫ ಡಿಗ್ರಿಯ ವ್ಯತ್ಯಾಸ ಮೀಟರಿಗೆ ೩೦ ಡಿಗ್ರಿಯ ಲೆಕ್ಕಕ್ಕೆ ಬಂದಿತು. ಮೀಟರಿಗೆ ೧೦ ಡಿಗ್ರಿಯನ್ನು ಮೀರಿದರೆ, ಕೆಳಗಿನ ಬೆಚ್ಚನೆಯ ಪದರಗಳಿಂದ ನೀರಾವಿ ವೇಗವಾಗಿ ಮೇಲೇರುತ್ತ ದಾರಿಯಲ್ಲಿ ಸಿಕ್ಕಿದ ತಣ್ಣನೆಯ ಹರಳುಗಳ ಮೇಲೆ ಘನೀಭವಿಸುವುದು. ಆಗ ಹರಳುಗಳು ದುಂಡಗಾಗುವುದಕ್ಕೆ ಬದಲಾಗಿ ಕೋನಕೋನವಾಗಿ ಬೆಳೆದು, ಒಂದಕ್ಕೊಂದು ಅಂಟದೆ, ಕಲ್ಲುಸಕ್ಕರೆಯ ಪುಡಿಯಂತಾಗುತ್ತವೆ. ಮುಷ್ಟಿಯಲ್ಲಿ ಹಿಡಿದು ಅದುಮಿದರೂ ಈ ಹಿಮ ಉಂಡೆ ಕಟ್ಟುವುದಿಲ್ಲ. ಇದನ್ನು ಸಕ್ಕರೆಹಿಮವೆನ್ನೋಣ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಹಿಮ ಹೆಚ್ಚಾಗಿ ಬಿದ್ದರೆ ಅಪಾಯ, ಕಡಿಮೆ ಬಿದ್ದರೆ ಕ್ಷೇಮ ಎಂದು ಯಾರಾದರೂ ಊಹಿಸುವರು. ಆದರೆ ಚಳಿಗಾಲದ ಪ್ರಾರಂಭದಲ್ಲಿ ತೆಳುವಾಗಿ ಹಿಮ ಬಿದ್ದು, ಆಮೇಲೆ ವಾರಗಟ್ಟಲೆ ಆಕಾಶ ಶುಭ್ರವಾಗಿ ಚಳಿ ಕೊರೆದರೆ, ಆ ತೆಳುವಾದ ಹಾಸೆಲ್ಲ ಸಕ್ಕರೆಹಿಮವಾಗಿ ಹೋಗುವುದು. ಮುಂದೆ ಬೀಳುವ ಹಿಮವೆಲ್ಲ ಈ ಉದುರುವ ಅಡಿಪಾಯದ ಮೇಲೆ ನಿಲ್ಲಬೇಕು. ಅದರ ಅಪಾಯ ಕೆಲವು ದಿನಗಳಲ್ಲಿ ಕಳೆಯದೆ ತಿಂಗಳುಗಟ್ಟಲೆ ಉಳಿಯಬಹುದು. ಕಾರಾಕೋರಂ ಪ್ರಾಂತದ ಎತ್ತರವಾದ ಒಣ ಚಳಿಯಲ್ಲಿ ಇಂಥ ಹಿಮ ಬೆಳೆಯುವುದು ಹೆಚ್ಚು. ಪೀರ್ ಪಂಜಾಲಿನಂತಹ ಕೆಳಗಿನ ಶ್ರೇಣಿಗಳಲ್ಲಿ ಹಿಮ ದಪ್ಪವಾಗಿಯೂ ಒದ್ದೆಯಾಗಿಯೂ ಬೀಳುವುದರಿಂದ, ಅಲ್ಲಿ ಹಿಮಪಾತವಾಗುತ್ತಿರುವಾಗಲೂ ಅದರ ಮರುದಿನಗಳಲ್ಲಿಯೂ ಕುಸಿತಗಳು ಹೆಚ್ಚು.

ಹೂತುಹೋದ ಇಬ್ಬನಿ

ದುರ್ಬಲ ಪದರ ಹುಟ್ಟುವ ಇನ್ನೊಂದು ದಾರಿ ಮೇಲ್ಮೈಯಲ್ಲಿದೆ. ಮಾಗಿಯ ರಾತ್ರಿಗಳಲ್ಲಿ ನಮ್ಮ ಹೊಲಗಳ ಹುಲ್ಲಿನ ಮೇಲೆ ಇಬ್ಬನಿ ಕೂರುವಂತೆ, ಗಾಳಿಯಿಲ್ಲದ ಶುಭ್ರವಾದ ಚಳಿಯ ರಾತ್ರಿಗಳಲ್ಲಿ ಹಿಮದ ಮೇಲೆ ಗರಿಗಳಂತಹ ಹರಳುಗಳು ಬೆಳೆಯುತ್ತವೆ. ಬೆಳಗಿನ ಬಿಸಿಲಿನಲ್ಲಿ ಅವು ಥಳಥಳಿಸುವ ನೋಟ ಬಹು ಮನೋಹರ. ಅವು ಮೇಲೆಯೇ ಇರುವಷ್ಟು ಕಾಲ ಯಾರಿಗೂ ಕೇಡಿಲ್ಲ. ಆದರೆ ಬಿಸಿಲೋ ಗಾಳಿಯೋ ಅವನ್ನು ಅಳಿಸುವುದರೊಳಗೆ ಮತ್ತೊಂದು ಹಿಮಪಾತ ಮೆಲ್ಲನೆ ಮುಚ್ಚಿಬಿಟ್ಟರೆ, ಆ ಗರಿಗಳು ನಿಂತಂತೆಯೇ ಹೂತುಹೋಗುವುವು. ಒಂದು ಬೆರಳಿನ ದಪ್ಪವೂ ಇಲ್ಲದ ಈ ಪದರ ಇಸ್ಪೀಟೆಲೆಗಳನ್ನು ಸಾಲಾಗಿ ನಿಲ್ಲಿಸಿ ಅವುಗಳ ಮೇಲೆ ಹಲಗೆಯನ್ನಿಟ್ಟಂತೆ. ಮೇಲಿನಿಂದ ಒತ್ತಿದಾಗ ಸ್ವಲ್ಪ ತಡೆದೀತು; ಪಕ್ಕಕ್ಕೆ ಜರುಗಿಸಿದರೆ ತಡೆಯಲಾರದು.

ಫಲಕ ಮುರಿಯುವ ಬಗೆ

ಫಲಕಕುಸಿತಕ್ಕೆ ನಾಲ್ಕು ವಸ್ತುಗಳು ಕೂಡಬೇಕು. ಒಂದಾಗಿ ಬೆಸೆದುಕೊಂಡ ಮೇಲಿನ ಫಲಕ. ಅದರ ಕೆಳಗೆ ದುರ್ಬಲ ಪದರ. ತಕ್ಕಷ್ಟು ಕಡಿದಾದ ಇಳಿಜಾರು. ಕಡೆಯದಾಗಿ, ಸಮತೂಕವನ್ನು ಕೆಡಿಸುವ ಒಂದು ಪ್ರೇರಣೆ.

ಇಳುಕಲಾದ ಕಡಪಾ ಕಲ್ಲೊಂದರ ಮೇಲೆ ಸಾಸಿವೆಯನ್ನು ಹರಡಿ, ಅದರ ಮೇಲೆ ಇನ್ನೊಂದು ಕಲ್ಲನ್ನು ಇಟ್ಟಿರುವುದಾಗಿ ಊಹಿಸಿಕೊಳ್ಳಿ. ಸಾಸಿವೆಯ ಕಾಳುಗಳು ಹೇಗೋ ಸಿಕ್ಕಿಕೊಂಡಿರುವಷ್ಟು ಹೊತ್ತು ಮೇಲಿನ ಕಲ್ಲು ನಿಂತಿರುತ್ತದೆ. ಮನುಷ್ಯನ ಹೆಜ್ಜೆಯ ಒತ್ತಡ ಫಲಕವನ್ನು ದಾಟಿ ದುರ್ಬಲ ಪದರವನ್ನು ಮುಟ್ಟಿದಾಗ ಅಲ್ಲಿನ ಹರಳುಗಳು ಪುಡಿಯಾಗಿ ಪದರ ಕೆಲವು ಮಿಲಿಮೀಟರಿನಷ್ಟು ಕುಸಿಯುವುದು. ಆಗ ಮೇಲಿನ ಫಲಕ ಬಾಗುವುದು. ಬಾಗಿದ ಫಲಕ ಪಕ್ಕದ ಹರಳುಗಳನ್ನು ಪುಡಿಮಾಡುವುದು. ಅವು ಪುಡಿಯಾದುದರಿಂದ ಅದು ಇನ್ನೂ ಮುಂದಕ್ಕೆ ಬಾಗುವುದು. ಈ ಬಿರುಕು ಮೇಲಕ್ಕೂ ಕೆಳಕ್ಕೂ ಅಕ್ಕಪಕ್ಕಕ್ಕೂ ಸೆಕೆಂಡಿಗೆ ಹತ್ತಾರು ಮೀಟರ್ ವೇಗದಲ್ಲಿ ಹರಡುತ್ತದೆ. ಮನುಷ್ಯ ತುಳಿದುದು ಒಂದು ಅಡಿಯ ಜಾಗ. ಸಡಿಲವಾದುದು ಇಡೀ ಇಳಿಜಾರು. ಸಮತಟ್ಟಾದ ನೆಲದಲ್ಲಿ ಹೀಗಾದರೆ ‘ಧುಂ’ ಎಂಬ ಮಂದವಾದ ಸದ್ದು ಕೇಳಿಬಂದು ಹಿಮ ಕಾಲಡಿಯಲ್ಲಿ ಕೊಂಚ ಕೆಳಗಿಳಿಯುವುದು, ಅಷ್ಟೆ. ಕಡಿದಾದ ಕಡೆ ಫಲಕವೆಲ್ಲ ಜಾರಿಬಿಡುತ್ತದೆ.

ಹೀಗೆ ಜಾರುವ ಹಿಮದ ತೂಕವೆಷ್ಟು? ಹೊಸದಾಗಿ ಬಿದ್ದ ಹಗುರವಾದ ಹಿಮ ಘನ ಮೀಟರಿಗೆ ಸುಮಾರು ೧೦೦ ಕಿಲೋಗ್ರಾಂ ತೂಗುವುದೆಂದಿಟ್ಟುಕೊಳ್ಳೋಣ. ೧೦೦ ಮೀಟರ್ ಉದ್ದ, ೫೦ ಮೀಟರ್ ಅಗಲದ ಒಂದು ಸಣ್ಣ ಇಳಿಜಾರಿನ ಮೇಲೆ ಅದು ಅರ್ಧ ಮೀಟರ್ ದಪ್ಪವಾಗಿ ಹಾಸಿದ್ದರೆ, ಒಟ್ಟು ತೂಕ ೨೫೦ ಟನ್. ಎಂದರೆ ಹತ್ತು ಟನ್ ಹೊರುವ ಇಪ್ಪತ್ತೈದು ಲಾರಿಗಳ ಭಾರ! ಫಲಕವು ಚೂರುಚೂರಾಗಿ ಗಂಟೆಗೆ ೧೦೦ ಕಿಲೋಮೀಟರ್ ಆಸುಪಾಸಿನ ವೇಗವನ್ನು ಕೆಲವೇ ಕ್ಷಣಗಳಲ್ಲಿ ಪಡೆಯಬಲ್ಲುದು. ಒಣಹಿಮದ ಧೂಳಿನ ಮೋಡವಾಗಿ ಇಳಿಯುವ ದೊಡ್ಡ ಕುಸಿತಗಳ ವೇಗ ಗಂಟೆಗೆ ೩೦೦ ಕಿಲೋಮೀಟರಿನವರೆಗೂ ಹೋಗುವುದುಂಟು. ಓಡಿ ತಪ್ಪಿಸಿಕೊಳ್ಳುವ ಮಾತೇ ಇಲ್ಲ.

ಇಳಿಜಾರು, ಗಾಳಿ, ಬಿಸಿಲು

ಎಲ್ಲ ಇಳಿಜಾರುಗಳೂ ಸಮಾನವಾಗಿ ಅಪಾಯಕಾರಿಯಲ್ಲ. ಮಲೆನಾಡಿನ ಹೆಂಚಿನ ಮನೆಗಳ ಮಾಡು ಸಾಮಾನ್ಯವಾಗಿ ೩೦ ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಅದಕ್ಕಿಂತ ಕಡಿಮೆ ಇಳುಕಲಾದ ಜಾಗದಲ್ಲಿ ಫಲಕ ಮುರಿದರೂ ಘರ್ಷಣೆ ಅದನ್ನು ತಡೆದುಬಿಡುವುದು. ೬೦ ಡಿಗ್ರಿಯಷ್ಟು ಕಡಿದಾದ ಕಡೆ ಹಿಮ ನಿಲ್ಲದೆ ಆಗಾಗ ಸ್ವಲ್ಪ ಸ್ವಲ್ಪವಾಗಿ ಉದುರಿಹೋಗುವುದು. ನಡುವಿನ ೩೦ರಿಂದ ೪೫ ಡಿಗ್ರಿಗಳ ಇಳಿಜಾರು, ವಿಶೇಷವಾಗಿ ೩೮ ಡಿಗ್ರಿಯ ಸುತ್ತಮುತ್ತಲಿನದು, ಫಲಕಕುಸಿತಗಳ ತವರು. ಹಿಮಜಾರಾಟಕ್ಕೆ ಬಹು ಸೊಗಸಾದುವೂ ಇವೇ ಎಂಬುದು ವಿಪರ್ಯಾಸ. ಇನ್ನೊಂದು ಮಾತನ್ನು ಮರೆಯಬಾರದು. ತಾನು ನಿಂತಿರುವ ಜಾಗ ಸಮತಟ್ಟಾಗಿದ್ದರೂ ತಲೆಯ ಮೇಲಿನ ಇಳಿಜಾರು ಕಡಿದಾಗಿದ್ದರೆ ಅಪಾಯ ತಪ್ಪಿದ್ದಲ್ಲ. ೨೦೨೩ರ ಏಪ್ರಿಲ್ ೪ರಂದು ಸಿಕ್ಕಿಮಿನ ನಾಥೂ ಲಾ ರಸ್ತೆಯ ಬಳಿ ಏಳು ಮಂದಿ ಪ್ರವಾಸಿಗರು ಹಿಮಕುಸಿತಕ್ಕೆ ಬಲಿಯಾದರು.

ಗಾಳಿಯ ಪಾತ್ರವೂ ದೊಡ್ಡದು. ಬೆಟ್ಟದ ಏಣಿನ ಒಂದು ಮಗ್ಗುಲಿನಿಂದ ಹಿಮವನ್ನು ಗುಡಿಸಿ ತಂದು ಇನ್ನೊಂದು ಮಗ್ಗುಲಲ್ಲಿ, ಎಂದರೆ ಗಾಳಿಯ ಮರೆಯಲ್ಲಿ, ಅದು ರಾಶಿ ಹಾಕುತ್ತದೆ. ಆಕಾಶದಿಂದ ಬೀಳುವುದಕ್ಕಿಂತ ಹಲವು ಪಟ್ಟು ವೇಗದಲ್ಲಿ ಹಿಮ ಹೀಗೆ ಸೇರಬಲ್ಲುದು. ಒಂದು ಹನಿ ಹಿಮವೂ ಬೀಳದ ದಿನ ಗಾಳಿಯೊಂದರಿಂದಲೇ ಇಳಿಜಾರು ಅಪಾಯಕಾರಿಯಾಗುವುದುಂಟು. ಹೊಡೆತಕ್ಕೆ ಹರಳುಗಳ ಮೂಲೆಗಳು ಮುರಿದು ಒತ್ತಾಗಿ ಕೂಡುವುದರಿಂದ ಗಾಳಿ ತಂದ ಹಿಮ ಬೇಗ ಗಟ್ಟಿಯಾದ ಫಲಕವಾಗುವುದು. ಕಾಲಿಗೆ ಗಟ್ಟಿಯಾಗಿ ತೋರುವ ಹಿಮವೇ ಕ್ಷೇಮವೆಂದು ನಂಬಿದವರು ಇಲ್ಲಿ ಮೋಸಹೋಗುವರು. ವಸಂತ ಬಂದು ಬಿಸಿಲೇರಿದಾಗ ಕರಗಿದ ನೀರು ಒಳಕ್ಕಿಳಿದು ಹರಳುಗಳ ಬೆಸುಗೆಯನ್ನು ಬಿಡಿಸುತ್ತದೆ. ಹಿಮ ಹೆಪ್ಪುಗಟ್ಟಿರುವ ನಸುಕಿನಲ್ಲಿಯೇ ಹೊರಟು ಮಧ್ಯಾಹ್ನದೊಳಗೆ ಇಳಿಜಾರನ್ನು ದಾಟಿಬಿಡುವ ಪದ್ಧತಿ ಇದರಿಂದ ಬಂದುದು.

ಹಿಮದ ನಾಡಿಪರೀಕ್ಷೆ

ಇಷ್ಟನ್ನೂ ಬೆಟ್ಟದ ಮೇಲೆ ನಿಂತು ಪರೀಕ್ಷಿಸುವ ಬಗೆಯುಂಟೆ? ಉಂಟು. ಸಲಿಕೆಯಿಂದ ಹಿಮದಲ್ಲಿ ಗುಂಡಿ ತೆಗೆದು, ೩೦ ಸೆಂಟಿಮೀಟರ್ ಚೌಕದ ಒಂದು ಕಂಬವನ್ನು ಸುತ್ತಲೂ ಬಿಡಿಸಿ ನಿಲ್ಲಿಸುತ್ತಾರೆ. ಅದರ ತಲೆಯ ಮೇಲೆ ಸಲಿಕೆಯನ್ನಿಟ್ಟು ಮೊದಲು ಮಣಿಕಟ್ಟಿನಿಂದ ಹತ್ತು ಸಲ, ಆಮೇಲೆ ಮೊಣಕೈಯಿಂದ ಹತ್ತು ಸಲ, ಕೊನೆಗೆ ಭುಜದಿಂದ ಹತ್ತು ಸಲ ತಟ್ಟುತ್ತಾರೆ. ಎಷ್ಟನೆಯ ಏಟಿಗೆ, ಯಾವ ಆಳದಲ್ಲಿ ಕಂಬ ಮುರಿದು ಜಾರಿತೆಂಬುದರಿಂದ ದುರ್ಬಲ ಪದರದ ಪತ್ತೆಯಾಗುವುದು. ೨೦೦೬ರಲ್ಲಿ ಸಿಮೆನ್‌ಹೋಯಿಸ್ ಮತ್ತು ಬರ್ಕಲೆಂಡ್ ಎಂಬ ವಿಜ್ಞಾನಿಗಳು ಇದನ್ನು ಸುಧಾರಿಸಿದರು. ೯೦ ಸೆಂಟಿಮೀಟರ್ ಅಗಲದ ಕಂಬವನ್ನು ಕಡಿದು ಅದರ ಒಂದು ಕೊನೆಯಲ್ಲಿ ಮಾತ್ರ ತಟ್ಟಿದಾಗ ಬಿರುಕು ಇನ್ನೊಂದು ಕೊನೆಯವರೆಗೂ ಓಡಿತೆ ಎಂಬುದನ್ನು ಅವರು ನೋಡಿದರು. ಬಿರುಕು ಹುಟ್ಟುವುದು ಒಂದು ಮಾತು, ಹರಡುವುದು ಇನ್ನೊಂದು ಮಾತು. ಕೊಲ್ಲುವುದು ಹರಡುವ ಬಿರುಕು.

ಆದರೆ ಈ ಪರೀಕ್ಷೆಗೂ ಒಂದು ಮಿತಿಯುಂಟು. ಹಿಮದ ಹಾಸು ಒಂದೇ ಇಳಿಜಾರಿನಲ್ಲಿ ಹತ್ತು ಹೆಜ್ಜೆಗೊಂದು ಬಗೆಯಾಗಿರುತ್ತದೆ. ಬಂಡೆಯ ಪಕ್ಕದಲ್ಲಿ ತೆಳುವಾಗಿ ದುರ್ಬಲವಾಗಿಯೂ, ತಗ್ಗಿನಲ್ಲಿ ದಪ್ಪವಾಗಿ ದೃಢವಾಗಿಯೂ ಇರಬಹುದು. ದಪ್ಪವಾದ ಕಡೆ ಹತ್ತು ಜನ ನಡೆದುಹೋದ ಮೇಲೆ ಹನ್ನೊಂದನೆಯವನು ತೆಳುವಾದ ಜಾಗವನ್ನು ತುಳಿದು ಇಡೀ ಇಳಿಜಾರನ್ನು ಕೆಡವಬಲ್ಲನು. ಇತರರ ಹೆಜ್ಜೆಗುರುತುಗಳು ಕ್ಷೇಮದ ಸಾಕ್ಷಿಯಲ್ಲವೆಂಬುದು ಇದರಿಂದ ಸ್ಪಷ್ಟ. ಆದುದರಿಂದ ಒಂದು ಗುಂಡಿಯ ಪರೀಕ್ಷೆ ಅಪಾಯವಿದೆಯೆಂದು ಹೇಳಿದರೆ ನಂಬಬೇಕು. ಇಲ್ಲವೆಂದು ಹೇಳಿದರೆ ಸಂದೇಹವನ್ನು ಉಳಿಸಿಕೊಳ್ಳಬೇಕು.

ಇದಕ್ಕಾಗಿಯೇ ಹಲವು ದೇಶಗಳಲ್ಲಿ ಪ್ರಾಂತಪ್ರಾಂತಕ್ಕೆ ಅಪಾಯದ ಮಟ್ಟವನ್ನು ಸಾರುವ ಪ್ರಕಟಣೆಗಳು ಹೊರಡುತ್ತವೆ. ಯೂರೋಪಿನ ದೇಶಗಳು ೧೯೯೩ರಲ್ಲಿ ಒಪ್ಪಿಕೊಂಡ ಮಾನದಲ್ಲಿ ಐದು ಮೆಟ್ಟಿಲುಗಳಿವೆ. ಹೆಚ್ಚು ಸಾವುಗಳಾಗುವುದು ಐದನೆಯ ಮೆಟ್ಟಿಲಿನಲ್ಲಲ್ಲ, ಮೂರನೆಯದರಲ್ಲಿ. ಐದನೆಯ ಮಟ್ಟವಿರುವಾಗ ಯಾರೂ ಮನೆ ಬಿಟ್ಟು ಹೊರಡುವುದಿಲ್ಲ. ಮೂರನೆಯದಿರುವಾಗ ಆಕಾಶ ತಿಳಿಯಾಗಿರುತ್ತದೆ, ಹಿಮ ಹೊಸದಾಗಿರುತ್ತದೆ, ಮನಸ್ಸು ಹೋಗೋಣವೆನ್ನುತ್ತದೆ.

ಹದಿನೈದು ನಿಮಿಷ

ಹಿಮದಡಿಯಲ್ಲಿ ಹೂತವನ ಗತಿಯೇನು? ಕುಸಿತ ನಿಂತೊಡನೆ ಹಿಮ ಗಾರೆಯಂತೆ ಬಿಗಿಯುವುದು. ಕೈಬೆರಳನ್ನು ಅಲುಗಿಸುವುದೂ ಕಷ್ಟ. ಉಸಿರಾಡಿದ ಗಾಳಿಯೇ ಮತ್ತೆ ಮತ್ತೆ ಒಳಹೋಗಿ ಉಸಿರು ಕಟ್ಟುವುದು. ಸ್ವಿಟ್ಜರ್‌ಲೆಂಡಿನ ದಾಖಲೆಗಳನ್ನು ಆಧರಿಸಿ ೧೯೯೪ರಲ್ಲಿ ಪ್ರಕಟವಾದ ಲೆಕ್ಕದಂತೆ, ಹದಿನೈದು ನಿಮಿಷದೊಳಗೆ ಹೊರತೆಗೆದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಬದುಕಿದರು. ಮೂವತ್ತೈದು ನಿಮಿಷಗಳಾಗುವ ಹೊತ್ತಿಗೆ ಬದುಕುವವರು ಮೂವರಲ್ಲಿ ಒಬ್ಬರಷ್ಟೆ. ಈಚಿನ ಲೆಕ್ಕಗಳು ಆ ಹದಿನೈದು ನಿಮಿಷವನ್ನೂ ಹತ್ತಕ್ಕೆ ಇಳಿಸಿವೆ. ಹನುಮಂತಪ್ಪನವರು ಆರು ದಿನಗಳ ಮೇಲೆ ಜೀವಸಹಿತ ದೊರೆತುದು ತೀರ ಅಸಾಧಾರಣವಾದ ಸಂಗತಿ. ೨೦೧೬ರ ಫೆಬ್ರವರಿ ೧೧ರಂದು ಅವರೂ ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು.

ಇಷ್ಟು ಅಲ್ಪವಾದ ಅವಧಿಯಲ್ಲಿ ಊರಿನಿಂದ ರಕ್ಷಕರು ಬರುವುದು ಸಾಧ್ಯವಿಲ್ಲ. ಉಳಿಸಬಲ್ಲವರು ಪಕ್ಕದಲ್ಲಿರುವ ಜೊತೆಗಾರರು ಮಾತ್ರ. ಅದಕ್ಕಾಗಿ ಪ್ರತಿಯೊಬ್ಬನ ಬಳಿಯೂ ಮೂರು ಸಲಕರಣೆಗಳಿರಬೇಕು: ೪೫೭ ಕಿಲೋಹರ್ಟ್ಸ್ ಆವರ್ತಾಂಕದಲ್ಲಿ ಸದಾ ಸಂಕೇತ ಕಳುಹಿಸುತ್ತ ಬೇಕಾದಾಗ ಇತರರ ಸಂಕೇತವನ್ನು ಹುಡುಕಬಲ್ಲ ಪುಟ್ಟ ರೇಡಿಯೋ, ಹೂತವನಿರುವ ಆಳವನ್ನು ಚುಚ್ಚಿ ನೋಡಲು ಮಡಿಸುವ ಉದ್ದನೆಯ ಸಲಾಕೆ, ಮತ್ತು ಸಲಿಕೆ. ಅಪಾಯದ ಇಳಿಜಾರನ್ನು ದಾಟಲೇಬೇಕಾದರೆ ಒಬ್ಬೊಬ್ಬರಾಗಿ ದಾಟಬೇಕು. ಉಳಿದವರು ಭದ್ರವಾದೆಡೆಯಲ್ಲಿ ನಿಂತು ಅವನನ್ನು ನೋಡುತ್ತಿರಬೇಕು. ಆಗ ಒಬ್ಬನು ಹೂತರೂ ಅಗೆಯುವುದಕ್ಕೆ ಜನ ಉಳಿದಿರುತ್ತಾರೆ.

ಹಿಮ ಮುನ್ಸೂಚನೆ ಕೊಡದೆ ಕುಸಿಯುವುದು ಅಪರೂಪ. ಪಕ್ಕದ ಇಳಿಜಾರಿನಲ್ಲಿ ಆಗತಾನೆ ಆದ ಕುಸಿತದ ಗುರುತು, ಕಾಲಡಿಯ ‘ಧುಂ’ ಎಂಬ ಸದ್ದು, ಹೆಜ್ಜೆಯಿಂದ ಮುಂದಕ್ಕೆ ಓಡುವ ಬಿರುಕು, ಹಿಂದಿನ ದಿನದ ದೊಡ್ಡ ಹಿಮಪಾತ, ಹಿಮ ಹೊತ್ತು ಬೀಸುವ ಗಾಳಿ, ಹಠಾತ್ತಾಗಿ ಏರಿದ ಬಿಸಿಲು ಇವುಗಳಲ್ಲಿ ಒಂದು ಕಂಡರೂ ಕಡಿದಾದ ಇಳಿಜಾರನ್ನು ಬಿಡಬೇಕು. ಕಷ್ಟವಿರುವುದು ಕಾಣುವುದರಲ್ಲಿಯಲ್ಲ, ಒಪ್ಪುವುದರಲ್ಲಿ. ದೂರದಿಂದ ಬಂದಿದ್ದೇವೆ, ಹಣ ಕೊಟ್ಟಿದ್ದೇವೆ, ಶಿಖರ ಇನ್ನು ಒಂದೇ ಗಂಟೆಯ ದಾರಿ ಎಂಬ ಮಾತುಗಳು ಕಂಡುದನ್ನು ಕಾಣದಂತೆ ಮಾಡುತ್ತವೆ. ಹಿಮದ ಪದರಗಳಿಗೆ ನಮ್ಮ ರಜೆಯ ಲೆಕ್ಕ ತಿಳಿಯದು. ನಿಮ್ಮಲ್ಲಿ ಯಾರಾದರೂ ಮುಂದೊಂದು ದಿನ ಹಿಮಾಲಯದ ಚಳಿಗಾಲವನ್ನು ನೋಡಹೋದರೆ, ‘ಇಂದು ಬೇಡ, ಹಿಂದಿರುಗೋಣ’ ಎಂದು ಹೇಳುವ ಧೈರ್ಯವನ್ನು ಸಲಿಕೆಯೊಡನೆ ಕೊಂಡೊಯ್ಯಿರಿ.